ಜರ್ಮನಿಯ ಕರೆಂಟು, ಕರಿಬೇವಿನ ಬುಡದ ಗುಂಡಿ

ನಾನು ನಿಂತಿದ್ದದ್ದು ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಕೋಣೆಯ ಹೊಸ್ತಿಲಿಗೆ ಬೆನ್ನು ಮಾಡಿ, ಕೂಲರ್‌ನಿಂದ ಮೂರು ಹೆಜ್ಜೆ ದೂರ. ಏಪ್ರಿಲ್ ಕೊನೆಯ ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆ ನಲವತ್ತೊಂದು ನಿಮಿಷ.

ನಿಮಿಷ ಕೂಡ ನೆನಪಿದೆಯಾ ಅಂತೀರಾ? ಮೂವತ್ತೊಂದು ವರ್ಷ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಕೊನೆಗೆ ಸಿಂದಗಿ, ಹೀಗೆ ನಾಲ್ಕು ಊರಿನ ಕೋರ್ಟುಗಳಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವನು ನಾನು. ಎಲ್ಲಿ ನಿಂತಿದ್ದೆ, ಎಷ್ಟು ದೂರ, ಬೇರೆ ಯಾರು ನೋಡಿದರು: ಬೆರಳುಗಳಿಗೆ ಈ ಕ್ರಮ ಅಂಟಿಕೊಂಡಿದೆ.

ಆದರೆ ನಿಜವಾದ ಕಾರಣ ಅದಲ್ಲ. ಆ ನಿಮಿಷದಲ್ಲಿ ನನ್ನ ಮೊಬೈಲಿನಿಂದ ಒಂದು ಮೆಸೇಜ್ ಹೋಯಿತು. ಅದರ ಕೆಳಗೆ ಟೈಮ್ ಬಿದ್ದಿದೆ. ನಾನಿನ್ನೂ ಅದನ್ನು ಅಳಿಸಿಲ್ಲ.

ಮೆಸೇಜ್ ಇಷ್ಟೇ: 'ಡೆನ್ಮಾರ್ಕಿನಲ್ಲಿ ಅಂತೂ'.

ವಾಕ್ಯ ಮುಗಿದಿಲ್ಲ. ಯಾಕೆ ಮುಗಿಯಲಿಲ್ಲ ಎಂಬುದನ್ನೇ ಈ ವಾರದ ಅಂಕಣದಲ್ಲಿ ಹೇಳಬೇಕಾಗಿದೆ.

ಶುರುವಾದದ್ದು ನಮ್ಮ ಬೀಗರು-ನೆಂಟರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಏಪ್ರಿಲ್ ಮೊದಲ ವಾರ ಮುದ್ದೇಬಿಹಾಳದ ವಸಂತ (ನನ್ನ ಹೆಂಡತಿಯ ತಮ್ಮ, ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ) ತನ್ನ ಮನೆಯ ಕರೆಂಟ್ ಬಿಲ್ಲಿನ ಫೋಟೋ ಹಾಕಿದ. ಸೊನ್ನೆ. ನಮ್ಮಲ್ಲಿ ಮನೆಗಳಿಗೆ ಇಂತಿಷ್ಟು ಯೂನಿಟ್ ಪುಕ್ಕಟೆ, ಅದರೊಳಗಿದ್ದರೆ ಬಿಲ್ ಸೊನ್ನೆ ಎಂಬುದು ನಿಮಗೆ ಗೊತ್ತೇ ಇದೆ. ಒಂದು ಕಾಲಕ್ಕೆ ಮಕ್ಕಳ ಮಾರ್ಕ್ಸ್ ಕಾರ್ಡು ತೋರಿಸುತ್ತಿದ್ದ ಜನ ಈಗ ಸೊನ್ನೆ ತೋರಿಸುತ್ತಾರೆ. (ಆಗ ನಮ್ಮ ಮನೆಯ ಕೆಲವರು ಎರಡನ್ನೂ ಒಟ್ಟಿಗೆ ತೋರಿಸಬಹುದಿತ್ತು.)

ಬಾಗೇವಾಡಿಯಿಂದ ನನ್ನ ಅಕ್ಕನ ಸೊನ್ನೆ ಬಂತು. ಇಂಡಿಯಿಂದ ಅತ್ತೆಯ ಮಗನ ಸೊನ್ನೆ ಬಂತು. ಆಮೇಲೆ ವಸಂತನ ಪ್ರಶ್ನೆ: "ಭಾವಜೀ, ನಿಮ್ಮದು?"

ನನ್ನದು ಸೊನ್ನೆಯಾಗಿರಲಿಲ್ಲ. ಕಾರಣ ಕೂಲರ್. ಊರಿನ ಕಾರ್ಖಾನೆಯವನೊಬ್ಬ ತಗಡು ಬಗ್ಗಿಸಿ ಮಾಡಿಕೊಟ್ಟದ್ದು. ಗಾತ್ರ ಗೋದ್ರೇಜ್ ಕಪಾಟಿನಷ್ಟು, ಸದ್ದು ಹಿಟ್ಟಿನ ಗಿರಣಿಯಷ್ಟು. ಮಾರ್ಚ್‌ನಿಂದ ಅದು ಓಡದಿದ್ದರೆ ನಾನು ಓಡುವುದಿಲ್ಲ.

ಮರ್ಯಾದೆಯ ಪ್ರಶ್ನೆ ಬಂತು. ವಕೀಲರ ನಡುವೆ ಕುಳಿತು ನಾನು ಕಲಿತದ್ದು ಒಂದೇ ವಿದ್ಯೆ: ಇಲ್ಲಿ ಸೋಲುವ ಕೇಸನ್ನು ಮೇಲಿನ ಕೋರ್ಟಿಗೆ ಒಯ್ಯಬೇಕು. ನಾನು ನನ್ನ ಬಿಲ್ಲನ್ನು ಜಗತ್ತಿನ ಮುಂದೆ ಒಯ್ದೆ.

ಯಾವ ದೇಶದಲ್ಲಿ ಮನೆಯ ಕರೆಂಟಿಗೆ ಎಷ್ಟು ರೇಟು ಎಂದು ಮೊಬೈಲಿನಲ್ಲಿ ಹುಡುಕಿದೆ. ಪಟ್ಟಿಗಳು ಸಿಕ್ಕವು. ಜರ್ಮನಿ, ಡೆನ್ಮಾರ್ಕ್ ತುಟ್ಟಿಯ ಸಾಲಿನಲ್ಲಿ. ಇರಾನಿನಂಥ ದೇಶಗಳು ತಳದಲ್ಲಿ. ನಾವೂ ತಳದ ಕಡೆಗೇ. ನನಗಾದ ಆನಂದ ಹೇಳತೀರದು. ದಿನಕ್ಕೊಂದು ದೇಶ ಹಾಕತೊಡಗಿದೆ. 'ಇಟಲಿಯವರನ್ನು ಕೇಳಿ ನೋಡಿ.' 'ಬೆಲ್ಜಿಯಂನಲ್ಲಿ ಇದೇ ಕೂಲರ್ ಓಡಿಸಿದ್ದರೆ ಮನೆ ಮಾರಬೇಕಿತ್ತು.' (ಬೆಲ್ಜಿಯಂನಲ್ಲಿ ಕೂಲರ್ ಯಾಕೆ ಓಡಿಸುತ್ತಾರೆ ಎಂದು ಯಾರೂ ಕೇಳಲಿಲ್ಲ. ಪುಣ್ಯ.) ಗ್ರೂಪಿನಲ್ಲಿ ನನಗೆ 'ಜರ್ಮನಿ ಕಾಕಾ' ಎಂಬ ಹೆಸರು ಬಿತ್ತು.

ವಸಂತ ಒಂದೇ ಸಲ ಅಡ್ಡ ಬಂದ. "ಭಾವಜೀ, ರೇಟು ಹೋಲಿಸಿದ್ರಿ. ಅಲ್ಲಿಯವರ ಪಗಾರ ಹೋಲಿಸಿದ್ರೇನು?"

ಕೈಮುಗಿದ ಚಿತ್ರ ಹಾಕಿ ನಾನು ನಾರ್ವೆಗೆ ಹೋದೆ.

ಇನ್ನೊಂದು ಗುಟ್ಟು. ಗ್ರೂಪಿನಲ್ಲಿ ಕರೆಂಟ್ ಅಗ್ಗ ಎಂದು ವಾದಿಸುತ್ತಿದ್ದ ನಾನು ಮನೆಯಲ್ಲಿ ಒಂದೊಂದು ಯೂನಿಟ್‌ಗೂ ಹೊಡೆದಾಡುತ್ತಿದ್ದೆ. ಮುಂದಿನ ತಿಂಗಳು ಸೊನ್ನೆ ಬರಲೇಬೇಕು. ಕೂಲರ್ ಬಿಡುವ ಮಾತಿಲ್ಲ. ಹಾಗಾದರೆ ಉಳಿದದ್ದನ್ನು ಬಿಗಿ ಮಾಡಬೇಕು. ಹೆಂಡತಿ ಸುಧಾ ಅಡುಗೆಮನೆಯಿಂದ ಹೊರಬಂದರೆ ಒಳಹೋಗಿ ದೀಪ ಆರಿಸುವುದು, ಅವಳು ಫ್ರಿಜ್ ತೆರೆದರೆ ಬಾಗಿಲ ಬಳಿ ನಿಂತು ಕೆಮ್ಮುವುದು. ಹೀಗೆ ಕಣ್ಣಿಟ್ಟು ತಿರುಗುವಾಗ ಆ ಗುಂಡಿ ಕಣ್ಣಿಗೆ ಬಿತ್ತು.

ನಮ್ಮ ಕಂಪೌಂಡಿನಲ್ಲಿ ಕರಿಬೇವಿನ ಗಿಡದ ಬುಡಕ್ಕೆ ಒಂದು ಸಣ್ಣ ಗುಂಡಿ ಇದೆ. ಮೇಲೊಂದು ಒಡಕು ಫರಸಿಕಲ್ಲು ಮುಚ್ಚಿದೆ. ದಿನಾ ಸಂಜೆ ಸುಧಾ ಆ ಫರಸಿ ಸರಿಸಿ ಒಂದು ಕೊಡ ನೀರು ಸುರಿಯುತ್ತಾಳೆ. ನೀರು ಬರುವುದು ಮೇಲಿನ ಟಾಕಿಯಿಂದ. ಟಾಕಿಗೆ ಏರಿಸುವುದು ಮೋಟರು. ಮೋಟರಿಗೆ ಬೇಕು ಕರೆಂಟು. ಕಳ್ಳ ಸಿಕ್ಕ!

"ಆ ಗುಂಡಿಗೆ ಯಾಕ ನೀರು ಹಾಕ್ತಿ?" ಎಂದೆ.

"ಅರ್ಥಿಂಗ್ ಗುಂಡಿರಿ ಅದು. ಮನಿ ಕಟ್ಟಿದಾಗ ಬಂದೇನವಾಜ ಹೇಳ್ಯಾನ, ಬ್ಯಾಸಗಿಯೊಳಗ ದಿನಾ ಒಂದು ಕೊಡ ನೀರು ಬೀಳಬೇಕು ಅಂತ."

ಬಂದೇನವಾಜ ಅಂದರೆ ನಮ್ಮ ಮನೆಗೆ ವೈರಿಂಗ್ ಮಾಡಿದವನು, ಮೋರಟಗಿಯವನು. ಎರಡು ವರ್ಷದ ಹಿಂದೆ, ಶಾಕ್ ಹೊಡೆದರೆ ತಾನೇ ಕರೆಂಟ್ ಕಡಿಯುವ ಒಂದು ಡಬ್ಬಿ ಕೂಡಿಸಿಕೊಳ್ಳಿ ಎಂದು ಇದೇ ಮನುಷ್ಯ ಹೇಳಿದ್ದ. 'ನೋಡೋಣಂತ' ಎಂದು ಕಳಿಸಿದ್ದೆ. ನೋಡಿರಲಿಲ್ಲ.

"ಕರೆಂಟಿಗೂ ನೀರಡಿಕಿ ಆಗ್ತದೇನು?" ಎಂದು ನಕ್ಕೆ.

"ನನಗೇನು ಗೊತ್ತರಿ? ಗೊತ್ತಿದ್ದವ ಹೇಳ್ಯಾನ, ಹಾಕ್ತೀನಿ. ನಿಮಗ ಜರ್ಮನಿ ಗೊತ್ತದ, ಅವಗ ಗುಂಡಿ ಗೊತ್ತದ."

ವಾದದಲ್ಲಿ ಸೋತ ಗಂಡಸರು ಏನು ಮಾಡುತ್ತಾರೆ? ಆರ್ಡರ್ ಮಾಡುತ್ತಾರೆ. ಗುಂಡಿಗೆ ನೀರು ಹಾಕಬಾರದೆಂದು ತಡೆಯಾಜ್ಞೆ ಕೊಟ್ಟೆ. ಸುಧಾ ಎರಡು ದಿನ ಗೊಣಗಿದಳು. ಆಮೇಲೆ ಬಿಟ್ಟಳು.

ಮೂರು ವಾರ ಆ ಗುಂಡಿಗೆ ಹನಿ ನೀರು ಬೀಳಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಎರೆಮಣ್ಣು ಹೇಗೆ ಬಾಯಿ ಬಿಡುತ್ತದೆ ನಿಮಗೆ ಗೊತ್ತು. ಬಿರುಕಿನೊಳಗೆ ಕೈ ಹೋಗುತ್ತದೆ.

ಇನ್ನು ಆ ಮಂಗಳವಾರ. ಇದನ್ನು ನಿಧಾನವಾಗಿ ಹೇಳುತ್ತೇನೆ. ಕಂಡಷ್ಟೇ ಹೇಳುತ್ತೇನೆ.

ಕೂಲರ್ ಓಡುತ್ತಿತ್ತು. ಅದರ ನೀರು ತೀರಿತ್ತು, ಗಾಳಿ ಬಿಸಿಯಾಗಿತ್ತು. ಸುಧಾ ಬಚ್ಚಲಿನಿಂದ ಸ್ಟೀಲಿನ ಕೊಡ ತುಂಬಿಕೊಂಡು ಬಂದಳು. ಬರಿಗಾಲು. ನೆಲದ ಮೇಲೆ ನೀರು ಚೆಲ್ಲಿತ್ತು. ಸ್ವಿಚ್ ಬೋರ್ಡ್ ನನ್ನ ಬಲಭುಜದ ಪಕ್ಕದಲ್ಲೇ, ಕೈ ಎತ್ತಿದರೆ ಸಿಗುವಷ್ಟು ಹತ್ತಿರ.

"ರೀ, ಸ್ವಿಚ್ ಆರಸ್ರಿ" ಎಂದಳು.

ನಾನು "ಹೂಂ" ಎಂದೆ.

ನನ್ನ ಹೇಳಿಕೆಯಲ್ಲಿ ಮುಖ್ಯವಾದದ್ದು ಇದೊಂದೇ ಅಕ್ಷರ. 'ಹೂಂ' ಎಂದೆ, ಆದರೆ ಕೈ ಎತ್ತಲಿಲ್ಲ. ಎರಡೂ ಹೆಬ್ಬೆರಳುಗಳು ಡೆನ್ಮಾರ್ಕಿನಲ್ಲಿದ್ದವು.

ಸುಧಾ ಎಡಗೈಯಿಂದ ಕೂಲರ್‌ನ ತಗಡಿನ ಅಂಚು ಹಿಡಿದು ಬಲಗೈಯಿಂದ ಕೊಡ ಬಗ್ಗಿಸಿದಳು. ಒಂದು ಸದ್ದು ಬಂತು. ಕೂಗಲ್ಲ, ಗಂಟಲಿನೊಳಗೇ ಸಿಕ್ಕಿಕೊಂಡಂಥ ಸದ್ದು. ನಾನು ತಲೆ ಎತ್ತಿದೆ. ಹೆಬ್ಬೆರಳು ಎಲ್ಲೋ ಒತ್ತಿತು, ಮೆಸೇಜ್ ಹೋಯಿತು. ಕೊಡ ಬಿದ್ದು ಉರುಳಿತು. ಎಡಗೈ ಮಾತ್ರ ಬಿಡಲಿಲ್ಲ. ಕೈ ನಡುಗುತ್ತಿತ್ತು, ಬೆರಳುಗಳು ಬಿಚ್ಚುತ್ತಿರಲಿಲ್ಲ.

ನಾನು ಏನು ಮಾಡಿದೆ? ಪಕ್ಕದ ಸ್ವಿಚ್ ಬಿಟ್ಟು ಅವಳನ್ನು ಹಿಡಿಯಲು ಕೈ ಚಾಚಿ ಒಂದು ಹೆಜ್ಜೆ ಮುಂದಿಟ್ಟೆ. ಹನ್ನೊಂದು ದೇಶಗಳ ರೇಟು ಬಾಯಿಪಾಠ ಇದ್ದವನು ಮಾಡಿದ್ದು ಇದು.

"ಮುಟ್ಟಬ್ಯಾಡ್ರಿ ರಾಯರ! ಮುಟ್ಟಬ್ಯಾಡ್ರಿ!"

ಹಿತ್ತಲ ಬಾಗಿಲಿನಿಂದ ನೀಲವ್ವನ ದನಿ. ನಮಗೆ ಹಾಲು ಕೊಡುವವಳು. ತನ್ನ ಎಮ್ಮೆಗಳಿಗೆ ನಮ್ಮ ಮನೆಯ ಮುಸುರೆ ಒಯ್ಯಲು ದಿನಾ ಅದೇ ಹೊತ್ತಿಗೆ ಬರುತ್ತಾಳೆ. ಬಕೆಟ್ ಅಲ್ಲೇ ಎಸೆದು ಒಳಗೆ ಓಡಿ ಬಂದಳು. ಗೋಡೆಗೆ ಆನಿಸಿಟ್ಟ ಮಣೆ, ನಾನು ಊಟಕ್ಕೆ ಕೂರುವ ಕಟ್ಟಿಗೆಯ ಮಣೆ, ಎರಡೂ ಕೈಯಲ್ಲಿ ಎತ್ತಿ ಸುಧಾಳ ಮುಂಗೈಗೆ ಕೆಳಗಿನಿಂದ ಹೊಡೆದಳು. ಒಮ್ಮೆ. ಬಿಡಲಿಲ್ಲ. ಇನ್ನೊಮ್ಮೆ. ಕೈ ಬಿಟ್ಟಿತು. ಸುಧಾ ಹಿಂದಕ್ಕೆ ಬಿದ್ದಳು.

"ಬಟನ್ ಆರಸ್ರೀ! ಏನ್ ಸಿನಿಮಾ ನೋಡಾಕತ್ತೀರೇನ?"

ಆಗ ಆರಿಸಿದೆ.

ಇದಕ್ಕೆಲ್ಲ ಎಷ್ಟು ಹೊತ್ತು ಹಿಡಿಯಿತು ಎಂದು ನನಗೆ ಹೇಳಲು ಬರುವುದಿಲ್ಲ. ಮೆಸೇಜ್ ಹೋದದ್ದು ಹತ್ತು ನಲವತ್ತೊಂದಕ್ಕೆ. ಡಾಕ್ಟರಿಗೆ ಫೋನ್ ಮಾಡಿದ್ದು ಹತ್ತು ನಲವತ್ಮೂರಕ್ಕೆ. ಎಲ್ಲವೂ ಅದರ ನಡುವೆಯೇ.

ಸುಧಾ ಗೋಡೆಗೆ ಒರಗಿ ಕುಳಿತಳು. ಉಸಿರು ಸರಿಹೋಗುವವರೆಗೆ ನೀಲವ್ವ ಅವಳ ಅಂಗಾಲು ತಿಕ್ಕುತ್ತಿದ್ದಳು. ಎರಡು ಬೆರಳ ತುದಿ ಸುಟ್ಟು ಬೆಳ್ಳಗಾಗಿತ್ತು. ಆಮೇಲೆ ಕಣ್ಣೆತ್ತಿ ನನ್ನನ್ನು ನೋಡಿದಳು. ಬೈಯಲಿಲ್ಲ.

"ಹೂಂ ಅಂದಿದ್ರಿ" ಎಂದಳು. ಅಷ್ಟೇ.

ಡಾಕ್ಟರು ಇಸಿಜಿ ತೆಗೆದರು, ಸಂಜೆಯವರೆಗೆ ಮಲಗಿಸಿಕೊಂಡರು, ಬೆರಳಿಗೆ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ಕರೆಂಟಿಗಿಂತ ಮಣೆಯ ಪೆಟ್ಟೇ ಹೆಚ್ಚು ಬಾತಿತ್ತು. "ಯಾರು ಹೊಡೆದರೋ ಅವರ ಕೈಗೆ ಬಂಗಾರದ ಬಳಿ ಹಾಕ್ರಿ" ಎಂದರು ಡಾಕ್ಟರು. ನಮ್ಮ ಜೊತೆ ಬಂದಿದ್ದ ನೀಲವ್ವನನ್ನು ನಾನು ಕೇಳಿದೆ, "ನಿನಗ ಹ್ಯಾಂಗ ಗೊತ್ತಾತು, ಕಟ್ಟಿಗಿಯಿಂದ ಹೊಡೀಬೇಕಂತ?"

"ಹ್ವಾದ ಮಳಿಗಾಲದಾಗ ನಮ್ಮದೊಂದು ಎಮ್ಮಿ ಕಂಬದ ತಂತಿಗೆ ತಾಗಿ ಸತ್ತೈತ್ರಿ. ಮುಟ್ಟಾಕ ಹ್ವಾದವರನ್ನ ಕಟ್ಟಿಗೀಲೆ ಹೊಡದು ಬಿಡಿಸಿದ್ರು. ಎಮ್ಮಿ ಹೇಳಿ ಕೊಟ್ಟು ಹೋತು" ಎಂದಳು. ಆಮೇಲೆ, "ನಿಮ್ಮ ಮೊಬೈಲ್ನ್ಯಾಗ ಇದು ಬರಾಂಗಿಲ್ಲೇನ್ರಿ?"

ಸುಧಾಳನ್ನು ಮನೆಗೆ ತಂದ ಮೇಲೆ ಬಂದೇನವಾಜ ಬಂದ. ಕೂಲರ್ ಬಿಚ್ಚಿದ. ಒಳಗಿನ ನೀರಿನ ಪಂಪಿನ ವೈರು ಉಜ್ಜಿ ಉಜ್ಜಿ ಬತ್ತಲೆಯಾಗಿ ತಗಡಿಗೆ ತಾಗಿತ್ತು. ಆಮೇಲೆ ಕರಿಬೇವಿನ ಬುಡಕ್ಕೆ ಹೋದ. ಹೋಲ್ಡರಿಗೆ ಒಂದು ಹಳೆಯ ಬಲ್ಬು ಹಾಕಿ, ಒಂದು ವೈರು ಕರೆಂಟಿಗೆ, ಇನ್ನೊಂದು ಗುಂಡಿಯೊಳಗೆ ಹುಗಿದ ಪೈಪಿಗೆ ಹಿಡಿದ. ಅರ್ಥಿಂಗ್ ಸರಿಯಿದ್ದರೆ ಬಲ್ಬು ಝಗ್ಗನೆ ಹತ್ತಬೇಕು. ಹತ್ತಲಿಲ್ಲ. ಒಳಗಿನ ತಂತಿ ಊದಿನಕಡ್ಡಿಯ ತುದಿಯಂತೆ ಸ್ವಲ್ಪ ಕೆಂಪಾಯಿತು, ಅಷ್ಟೇ.

"ರಾಯರ, ಎರಡು ಬಕೆಟ್ ನೀರು ತರ್ರಿ."

ತಂದೆ. ಸುರಿದ. ಗುಂಡಿ ಗಟಗಟ ಕುಡಿಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ವೈರು ಹಿಡಿದ. ಕೆಂಪು ಹಳದಿಯಾಯಿತು. ಇನ್ನೂ ಎರಡು ಬಕೆಟ್. ಬಲ್ಬು ಹತ್ತಿತು.

"ನೋಡ್ರಿ, ಭೂಮಿಗೆ ನೀರಡಿಕಿ ಆಗಿತ್ತು" ಎಂದ. (ನಾನು ಆಡಿದ ಕುಚೋದ್ಯ ಅವನಿಗೆ ಗೊತ್ತಿರಲಿಲ್ಲ. ಅವನು ಇದ್ದದ್ದನ್ನು ಹೇಳಿದ.) "ಮಣ್ಣು ಹಸಿ ಇದ್ರ ತಗಡಿಗೆ ಬಂದ ಕರೆಂಟ್ ಮಣ್ಣಾಗ ಹೋಕ್ಕೈತಿ, ಫ್ಯೂಸ್ ಹಾರತೈತಿ. ಮಣ್ಣು ಒಣಗಿತಂದ್ರ ಅದು ಯಾರ ಮೈಯಾಗರ ಹಾದಿ ಹುಡುಕ್ತೈತಿ. ಅಕ್ಕಾರು ದಿನಾ ಹಾಕ್ತಿದ್ರಲ್ಲ, ನೀರು ಯಾರು ಬಂದ್ ಮಾಡಿದ್ರು?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ದನಿ ಬಂತು.

"ನಾನ ಮರತಿದ್ದೆ, ಬಂದೇನವಾಜ."

ಪಟ್ಟಿ ಕಟ್ಟಿದ ಕೈಯ ಹೆಂಗಸು, ಮಂಚದ ಮೇಲೆ ಮಲಗಿ, ನನ್ನ ಮರ್ಯಾದೆ ಉಳಿಸುತ್ತಿದ್ದಳು. ಮೂವತ್ತೊಂದು ವರ್ಷ ಎಷ್ಟೋ ಸುಳ್ಳು ಸಾಕ್ಷಿ ಟೈಪ್ ಮಾಡಿದ್ದೇನೆ. ನನ್ನ ಪರವಾಗಿ ನುಡಿದದ್ದು ಇದೊಂದೇ. ಅದಕ್ಕೆ ನಾನು ಆಗ ಏನು ಮಾಡಿದೆ ಗೊತ್ತೇ? ಬಕೆಟ್ ಎತ್ತಿಕೊಂಡು ಒಳಗೆ ಬಂದೆ.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವಳು ಮರೆತಿರಲಿಲ್ಲ, ಬಂದೇನವಾಜ. ಬಂದ್ ಮಾಡಿಸಿದವನು ನಾನು.

ಪಟ್ಟಿಗಳು ಸುಳ್ಳಲ್ಲ. ಜರ್ಮನಿಯಲ್ಲಿ ಕರೆಂಟ್ ತುಟ್ಟಿಯೇ. ಆದರೆ ನಾನು ಅಲ್ಲಿಯ ರೇಟು ನೋಡಿದೆ. ಅಲ್ಲಿಯ ಗೋಡೆಯೊಳಗೆ ಏನು ಕೂಡಿಸಿರುತ್ತಾರೆ, ನೆಲದೊಳಗೆ ಏನು ಹುಗಿದಿರುತ್ತಾರೆ ಎಂದು ಒಂದು ದಿನವೂ ನೋಡಲಿಲ್ಲ. ಅಷ್ಟೇಕೆ, ನನ್ನದೇ ಕಂಪೌಂಡಿನ ನೆಲ ನೋಡಲಿಲ್ಲ. ಒಂದು ಕೊಡ ನೀರು ಮೇಲೇರಿಸಲು ಎಷ್ಟು ಕರೆಂಟ್ ಬೇಕು ಎಂದು ಗಣಿತದ ವಸಂತನನ್ನು ಆಮೇಲೆ ಕೇಳಿದೆ. ಅವನು ಲೆಕ್ಕ ಹಾಕಲೂ ಇಲ್ಲ. "ಭಾವಜೀ, ಜರ್ಮನಿ ಸುದ್ದಿ ಕಳಿಸಲಿಕ್ಕೆ ನೀವು ಮೊಬೈಲ್ ಚಾರ್ಜ್ ಮಾಡ್ತೀರಲ್ಲ, ಅದರ ಆಸುಪಾಸು" ಎಂದ.

ಸುಧಾಳಿಗೆ ಶಾಕ್ ಹೊಡೆದ ಮರುದಿನ ಅವನು ಮೊದಲ ಬಸ್ಸಿಗೇ ಬಂದಿದ್ದ. ಅಕ್ಕನ ಕೈ ನೋಡಿದ, ನನ್ನ ಮುಖ ನೋಡಿದ, ಚಹಾ ಕುಡಿಯದೆ ಹೊರಗೆ ಹೋಗಿ ಗುಂಡಿಗೆ ಒಂದು ಕೊಡ ನೀರು ಹಾಕಿ ಬಂದ. ಗ್ರೂಪಿನಲ್ಲಿ ನನ್ನ ಅರ್ಧ ಮೆಸೇಜಿನ ಕೆಳಗೆ ಹಿಂದಿನ ದಿನ ಅವನೇ ಕೇಳಿದ ಪ್ರಶ್ನೆ ಇನ್ನೂ ಹಾಗೇ ಇದೆ: 'ಡೆನ್ಮಾರ್ಕಿನಲ್ಲಿ ಅಂತೂ ಏನು, ಭಾವಜೀ?' ಪಕ್ಕದಲ್ಲಿ ಮೂರು ನಗುವ ಮುಖಗಳು.

ಈಗ ಬಂದೇನವಾಜ ಹೇಳಿದ್ದ ಆ ಡಬ್ಬಿ ಕೂಡಿಸಿದ್ದೇವೆ. ಸಂಜೆಯ ಕೊಡ ನನ್ನ ಪಾಲಿಗೆ ಬಂದಿದೆ. ಈ ತಿಂಗಳೂ ಬಿಲ್ ಸೊನ್ನೆ ಬರಲಿಲ್ಲ. ಗ್ರೂಪಿನಲ್ಲಿ ಯಾರೂ ಕೇಳಲಿಲ್ಲ, ನಾನೂ ಯಾವ ದೇಶಕ್ಕೂ ಹೋಗಲಿಲ್ಲ.

ನನ್ನನ್ನು ಬಿಟ್ಟರೆ ಇದನ್ನು ಕಣ್ಣಾರೆ ಕಂಡವರು ಇಬ್ಬರು. ಒಬ್ಬಳು ನೀಲವ್ವ, ಇದ್ದಾಳೆ, ಕೇಳಿದರೆ ಹೇಳುತ್ತಾಳೆ, ಕೇಳದವರಿಗೂ ಹಾಲಿನ ಜೊತೆ ಹೇಳಿಯೇ ಹೋಗುತ್ತಾಳೆ. ಇನ್ನೊಬ್ಬಳು ಸುಧಾ; ಇದ್ದಾಳೆ, ಮತ್ತು ಈಗ ನಾನು 'ಹೂಂ' ಎಂದಾಗಲೆಲ್ಲ ಎದ್ದು ಬಂದು ಸ್ವಿಚ್ ನೋಡಿ ಹೋಗುತ್ತಾಳೆ.