ಕೈಗೆ ಕಟ್ಟಿದ ಕರಡಿಗೆ

ಮಕ್ಕಳೇ, ನಿಮ್ಮ ಅಪ್ಪ ಹುಟ್ಟಿದ್ದು ಮಸ್ಕತ್‌ನಲ್ಲಿ. ನಿಮ್ಮ ಅಜ್ಜನ ಕೆಲಸಕ್ಕೆಂದು ಅಲ್ಲಿಗೆ ಹೋದಾಗ ನಾನು ಆರು ತಿಂಗಳ ಬಸುರಿ, ಕಂಕುಳಲ್ಲಿ ಮೊದಲ ಮಗಳು. ಚನ್ನಗಿರಿಯಲ್ಲಿ ಬಸ್ಸು ಹತ್ತುವಾಗ ನಮ್ಮತ್ತೆ ನನ್ನ ಕೊರಳಲ್ಲಿದ್ದ, ಇಷ್ಟಲಿಂಗವಿಟ್ಟ ಬೆಳ್ಳಿ ಕರಡಿಗೆ ಮುಟ್ಟಿ, “ಲಿಂಗ ಮೈಮ್ಯಾಗಿಂದ ಇಳಿಸಬ್ಯಾಡವ್ವ. ಹೊಟ್ಟ್ಯಾಗಿನ ಕೂಸಿಗೂ ಅದೇ ಕಾವಲು” ಎಂದಿದ್ದರು.

ನೋವು ಬಂದ ದಿನ ಅಜ್ಜನನ್ನೂ ಮಗಳನ್ನೂ ಆಸ್ಪತ್ರೆಯ ಬಾಗಿಲಲ್ಲೇ ತಡೆದರು. ಒಳಗೆ ನನ್ನ ಮಾತು ಬಲ್ಲವರು ಒಬ್ಬರೂ ಇರಲಿಲ್ಲ. ನರ್ಸ್ ನನ್ನ ಹೊಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಆಪರೇಷನ್ ಎಂದಳು. ಕೊರಳಲ್ಲಿರುವುದನ್ನೆಲ್ಲ ತೆಗೆ ಎಂದು ಸನ್ನೆ ಮಾಡಿದಳು. ತಾಳಿಯನ್ನು ಬಿಚ್ಚಿಕೊಟ್ಟೆ. ಕರಡಿಗೆಯನ್ನು ಮಾತ್ರ ಎರಡೂ ಕೈಯಲ್ಲಿ ಬಿಗಿಹಿಡಿದೆ. ಅದನ್ನು ಬಿಟ್ಟರೆ ಕೂಸು ಉಳಿಯುವುದಿಲ್ಲ ಎಂದೇ ನಂಬಿದ್ದೆ. ಅಳುತ್ತಾ ತಲೆ ಅಲ್ಲಾಡಿಸಿದೆ.

ಆಕೆ ನನ್ನನ್ನೇ ನೋಡಿ, ಗಾಯಕ್ಕೆ ಸುತ್ತುವ ಬಟ್ಟೆ ತಂದುಕೊಟ್ಟು ತನ್ನ ಮಣಿಕಟ್ಟು ತೋರಿಸಿದಳು. ಕರಡಿಗೆಯನ್ನು ಆ ಬಟ್ಟೆಯಲ್ಲಿ ಸುತ್ತಿ ನಾನೇ ಕೈಗೆ ಕಟ್ಟಿಕೊಂಡೆ.

ಎಚ್ಚರವಾದಾಗ ಅಜ್ಜ ಗಾಬರಿಯಿಂದ ಆ ಕೈ ಹಿಡಿದು ಕೂತಿದ್ದರು. “ಕೈ ಹೆಂಗೆ ಮುರೀತೇ?”

“ಅದ್ರಾಗೆ ಲಿಂಗ ಐತ್ರಿ. ಕೈ ಬಿಡ್ರಿ, ಮೊದ್ಲು ಕೂಸು ಉಸಿರಾಡ್ತೈತೇನು ನೋಡ್ರಿ” ಎಂದೆ. ಮಗ್ಗುಲಿಗೆ ತಿರುಗಿ ನೋಡುವ ಧೈರ್ಯ ನನಗಿನ್ನೂ ಬಂದಿರಲಿಲ್ಲ.