ಪರಸಿ ಗೋಡೆಯ ಆಚೆ

ಸಾಹೇಬರು ಕೇಳಿದಾಗ ಅಕ್ಕನಿಗೆ ಬಾಯಿ ತೆರೆಯಲು ನಾನು ಬಿಡಲಿಲ್ಲ. ಅವಳ ಬದಲು ನಾನೇ ಸುಳ್ಳು ಹೇಳಿದೆ.

ಶಹಾಬಾದದಲ್ಲಿ ನನ್ನದೊಂದು ಸಣ್ಣ ಕಲ್ಲಿನ ಕಾರ್ಖಾನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಕಲ್ಲಿನ ಕೆಲಸ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಅಕ್ಕನ ಮನೆಗೂ ಕಾರ್ಖಾನೆಗೂ ನಡುವೆ ಪರಸಿ ಕಲ್ಲಿನ ತೆಳು ಚಪ್ಪಡಿ ನಿಲ್ಲಿಸಿದ ಗೋಡೆ. ಉಳಿ ಸುತ್ತಿಗೆಯಲ್ಲೇ ಕೆಲಸ ನಡೆಯುತ್ತಿದ್ದಾಗ, ಊಟ ತಯಾರಾದರೆ ಅಕ್ಕ ಆ ಗೋಡೆಗೆ ಸೌಟಿನಿಂದ ಬಡಿಯುತ್ತಿದ್ದಳು. ಠಣ್ ಠಣ್. ನಾನು ಈಚೆಯಿಂದ ಉಳಿಯಲ್ಲಿ ಬಡಿದರೆ "ಬಂದೆ" ಎಂದರ್ಥ. ಕಟಿಂಗ್ ಮಷಿನ್ ಬಂದ ಮೇಲೆ ಆ ಸೌಟು ನನಗೆ ಕೇಳಿಸಲಿಲ್ಲ. ಬಿಸಿ ರೊಟ್ಟಿ ನನಗಾಗಿ ಕಾದು ಕಾದು ಆರುತ್ತಿತ್ತು.

ಒಂದು ದಿನ ಅವಳೇ ಬಂದಳು.

"ತಮ್ಮಾ, ನನ್ನ ತಲ್ಯಾಗೇ ಮಷಿನ್ ತಿರಗಲಿಕತ್ತದ. ಕಿವಿ ಗುಂಯ್ ಅಂತಾವ. ಮಧ್ಯಾಹ್ನ ಒಂದ್ ತಾಸರ ಬಂದ್ ಮಾಡಪಾ."

"ರೂಢಿ ಆಗ್ತದ ಬಿಡಕ್ಕ. ನಂಗ ಆಗಿಲ್ಲೇನು?"

"ನೀ ಹುಟ್ಟಾ ಕಿವುಡ. ನನ್ನ ಮಾತು ಯಾವಾಗ ಕೇಳಿದ್ದಿ?" ಎಂದು ನಕ್ಕು ಹೋದಳು.

ಆಮೇಲೆ ಓಣಿಯವರು ಅರ್ಜಿ ಕೊಟ್ಟರು. ಸಪ್ಪಳ ಅಳೆಯಲು ಸರಕಾರಿ ಸಾಹೇಬರು ಬರುತ್ತಾರೆಂದು ಮೊದಲೇ ಸುದ್ದಿ ಸಿಕ್ಕಿತು. ಕಟಿಂಗ್ ಮಷಿನ್‌ಗಳನ್ನು ನಿಲ್ಲಿಸಿ, ನೀರು ಬಿಟ್ಟುಕೊಂಡು, ಸಪ್ಪಳ ಕಡಿಮೆಯ ಪಾಲಿಶ್ ಮಷಿನ್ ಒಂದನ್ನೇ ಓಡಿಸಿದೆ.

ಸಾಹೇಬರು ಅಳತೆಯ ಯಂತ್ರ ಹಿಡಿದು ಅಕ್ಕನ ಅಂಗಳದಲ್ಲೇ ನಿಂತರು. "ಮನಿಗಳಿದ್ದಲ್ಲಿ ಸಪ್ಪಳಕ್ಕ ಮಿತಿ ಅದ ನೋಡಮ್ಮ. ದಿನಾ ಇಷ್ಟೇ ಇರ್ತದೇನು?"

ಅಕ್ಕ ನನ್ನ ಮುಖ ನೋಡಿದಳು.

"ಇಷ್ಟೇ ರೀ ಸಾಹೇಬ್ರ," ಅಂದೆ ನಾನು. "ಸ್ವಂತ ಅಕ್ಕ ಬಾಜೂಕೇ ಇದ್ದಾಳ. ತ್ರಾಸ್ ಆಗಿದ್ರ ಸೌಟ್ ತಗೊಂಡೇ ಬರ್ತಿದ್ಲು!"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಅಳತೆ ಮಿತಿಯೊಳಗೇ ಬಂತು. ಅವರ ಜೀಪು ಓಣಿ ದಾಟುವುದನ್ನೇ ಕಾದು ಎಲ್ಲ ಮಷಿನ್ ಶುರು ಮಾಡಿದೆ. ಅಕ್ಕ ಮತ್ತೆಂದೂ ಒಂದು ತಾಸು ಕೇಳಲಿಲ್ಲ.

ಹೋದ ಬೇಸಿಗೆಯಲ್ಲಿ ಒಮ್ಮೆ ಕರೆಂಟ್ ಹೋಗಿ ಎಲ್ಲ ಸ್ತಬ್ಧವಾಯಿತು. ಹಸಿವಾಗಿತ್ತು. ತಮಾಷೆಗೆ ಉಳಿ ತೆಗೆದು ಗೋಡೆಗೆ ಬಡಿದೆ. ಉತ್ತರವಿಲ್ಲ. ಜೋರಾಗಿ ಬಡಿದೆ. ಎದ್ದು ಹೋಗಿ ನೋಡಿದರೆ ಅಕ್ಕ ಗೋಡೆಯ ಪಕ್ಕದಲ್ಲೇ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಬೆನ್ನ ಹಿಂದೆ ನಿಂತು ಕರೆದೆ. ತಿರುಗಲಿಲ್ಲ.

ಕಲಬುರಗಿಯ ಡಾಕ್ಟರು, ಸಪ್ಪಳಕ್ಕೆ ಹೋದ ಕಿವಿ ಮರಳಿ ಬರುವುದಿಲ್ಲ, ಎದುರಿಗೆ ಕೂತು ಕೂಗಿದರಷ್ಟೇ ಕೇಳೀತು ಎಂದರು.

ಮಷಿನ್‌ಗಳನ್ನು ಊರ ಹೊರಗೆ ಸಾಗಿಸಿದೆ. ಆದರೂ ಕುಳಿತಲ್ಲಿ ಕುಳಿತಿರಲಾಗುವುದಿಲ್ಲ. ತುತ್ತು ಬಾಯಿಗಿಡುವಾಗ ಎಲ್ಲೋ ಬ್ಲೇಡ್ ತಿರುಗಿದಂತಾಗಿ ಎದ್ದು ಹೋಗುತ್ತೇನೆ. ಖಾಲಿ ಶೆಡ್ ನೋಡಿ ಬರುತ್ತೇನೆ. ಮತ್ತೆ ಏಳುತ್ತೇನೆ.

ನಿನ್ನೆ ಸಂಜೆ ಅಕ್ಕನ ಎದುರಿಗೆ ಹೋಗಿ ಕುಳಿತು ಮೆಲ್ಲಗೆ, "ತಪ್ಪಾತಕ್ಕ," ಅಂದೆ.

"ಏನಂದಿ? ಜೋರ್ ಹೇಳೋ."

ಓಣಿಯ ಕಟ್ಟೆಯ ಮೇಲೆ ಅರ್ಜಿ ಕೊಟ್ಟವರೇ ಕುಳಿತಿದ್ದರು. ನನ್ನ ಮಾತು ಅವರಿಗೆ ಕೇಳದಂತೆ ಮುಚ್ಚಲು ಈಗ ಯಾವ ಮಷಿನ್ ಸಪ್ಪಳವೂ ಇರಲಿಲ್ಲ. ಅಕ್ಕ ಕಿವಿಗೆ ಕೈ ಒಡ್ಡಿ ಕಾಯುತ್ತಿದ್ದಳು.

ಗಂಟಲು ಹರಿಯುವಂತೆ ಕೂಗಿದೆ: "ಸಾಹೇಬ್ರ ಮುಂದ ನಾ ಸುಳ್ ಹೇಳ್ದೆ ಅಕ್ಕಾ! ನಿನ್ ಕಿವಿ ನಾನೇ ಕೆಡಸ್ದೆ. ನಂದ್ ತಪ್ಪಾತು, ಕ್ಷಮಾ ಮಾಡು!"