ಬಿಳಿ ದೀಪ ಹತ್ತಿತ್ತೇ?

ಬೆಳಿಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷ. ಹೊಳೆನರಸೀಪುರದ ಬಸ್ಸು ತಪ್ಪೀತೆಂದು ಆಗಷ್ಟೇ ಫೋನು ನೋಡಿಕೊಂಡಿದ್ದೆ, ಹಾಗಾಗಿ ಗಂಟೆಯಲ್ಲಿ ಅನುಮಾನವಿಲ್ಲ. ಉಳಿದ ಎಲ್ಲದರಲ್ಲೂ ಇದೆ.

ಅರಕಲಗೂಡಿನ ನಮ್ಮ ಮನೆ ರಸ್ತೆಗಿಂತ ತಗ್ಗಿನಲ್ಲಿದೆ. ಅಂಗಳದಿಂದ ಕಾರು ರಸ್ತೆಗೆ ಹತ್ತಲು ಸಿಮೆಂಟಿನ ಇಳಿಜಾರು ಹಾಕಿಸಿದ್ದೇವೆ. ಅಕ್ಕ ಕಾರು ಹತ್ತಿಸುತ್ತಾಳೆ, ನಾನು ಅದರ ಹಿಂದೆಯೇ ನಡೆದು ಮೇಲಿನ ಗೇಟು ಹಾಕುತ್ತೇನೆ. ಅವಳು ಮಲ್ಲಿಪಟ್ಟಣದ ಶಾಲೆಗೆ, ನಾನು ಹೊಳೆನರಸೀಪುರದ ಕಾಲೇಜಿಗೆ, ಇಬ್ಬರೂ ಪಾಠ ಹೇಳಲು. ಮನೆಯಲ್ಲಿರುವವರು ನಾವಿಬ್ಬರೇ.

ಅಂದು ಕಾರು ಇಳಿಜಾರಿನ ಮುಕ್ಕಾಲು ಹತ್ತಿತ್ತು. ಎಂಜಿನ್ ಇದ್ದಕ್ಕಿದ್ದಂತೆ ಜೋರಾಗಿ ಅರಚಿತು, ಆದರೆ ಕಾರು ಮೇಲೆ ಹೋಗಲಿಲ್ಲ. ಒಂದು ಕ್ಷಣ ನಿಂತು, ನನ್ನ ಕಡೆಗೆ ಬರತೊಡಗಿತು. ನಿಧಾನವಾಗಿ. ನಾನು ಪಕ್ಕಕ್ಕೆ ಹಾರಬಹುದಿತ್ತು. ಆದರೆ ಹಿಂದೆ ಹಿಂದೆ ಹೆಜ್ಜೆಯಿಟ್ಟೆ, ಬೆನ್ನಿಗೆ ಮನೆಯ ಗೋಡೆ ತಾಗುವವರೆಗೆ. ಒಳಗಿನ ಕನ್ನಡಿಯಲ್ಲಿ ಅಕ್ಕನ ಕಣ್ಣು ಕಾಣುತ್ತಿತ್ತು. ಬ್ರೇಕಿನ ಕೆಂಪು ದೀಪ ಹತ್ತಿತು. ನಂಬರ್ ಪ್ಲೇಟು ನನ್ನ ಹೊಟ್ಟೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು.

ಅಕ್ಕ ಬಾಗಿಲು ತೆಗೆದು, ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಕಟ್ಟಿದ ಎಡಗಾಲನ್ನು ಕೈಯಲ್ಲೇ ಎತ್ತಿ ಹೊರಗಿಟ್ಟಳು. ಚಿಕ್ಕಂದಿನಲ್ಲಿ ಪೋಲಿಯೊ ಬಂದ ಕಾಲು ಅದು.

"ನಾನೇನೂ ಮುಟ್ಲಿಲ್ಲ ಕಣೇ. ಒಂದನೇ ಗೇರ್ ಅಂತ ತೋರಿಸ್ತಿದ್ದದ್ದು ತಾನೇ ನ್ಯೂಟ್ರಲ್‌ಗೆ ಬಂದ್ಬಿಡ್ತು. ಕುಂಯ್ ಕುಂಯ್ ಅಂತು."

ಆ ಕಾಲಿಗಾಗಿಯೇ ಅವಳು ಕ್ಲಚ್ ಪೆಡಲ್ ಇಲ್ಲದ ಕಾರು ಕೊಂಡದ್ದು. ಒಳಗೆ ಇರುವುದು ಮಾಮೂಲಿ ಗೇರುಗಳೇ. ಅವನ್ನು ಬದಲಿಸುವ ಕೆಲಸ ಮಾತ್ರ ಕಾಲಿನದಲ್ಲ, ಒಂದು ಪುಟ್ಟ ಮೋಟಾರು ಒತ್ತುವ ಎಣ್ಣೆಯದು. ಕಾರು ಬರುವ ಮೊದಲು ಬಸ್ಸಿನ ಎತ್ತರದ ಮೆಟ್ಟಿಲಿಗೆ ಅವಳನ್ನು ಯಾರಾದರೂ ತೋಳು ಹಿಡಿದು ಎತ್ತಬೇಕಿತ್ತು. ಮಕ್ಕಳು ನೋಡುತ್ತಿರುತ್ತಿದ್ದರು.

ಊರಿನ ಮೆಕ್ಯಾನಿಕ್ ಬಂದು ಬ್ಯಾಟರಿಯ ಟರ್ಮಿನಲ್ ಬಿಚ್ಚಿ, ಒಂದು ದಿನ ಹಾಗೇ ಬಿಟ್ಟು ಮತ್ತೆ ಹಾಕಿದ. "ಎಲ್ಲಾ ಮರ್ತು ಓಸದಾಗಿ ಸುರು ಮಾಡ್ತದೆ ಮೇಡಂ" ಎಂದ. ಕಾರು ಇಳಿಜಾರನ್ನು ಹತ್ತು ಸಲ ಹತ್ತಿತು. ಏನೂ ಆಗಲಿಲ್ಲ. ಅದೇ ಭಯವಾಯಿತು ನನಗೆ. ಅದಕ್ಕೆ ಏನೂ ನೆನಪಿಲ್ಲ, ನನಗೆ ಮಾತ್ರ ಇದೆ.

ಸುದ್ದಿ ತಿಳಿದು ಚನ್ನರಾಯಪಟ್ಟಣದಿಂದ ಸೋದರಮಾವ ಬಂದ.

"ಕಾಲ್ ನೆಟ್ಟಗಿಲ್ದೋರ್ಗೆ ಕಾರ್ ಯಾಕವ್ವಾ? ರಿವರ್ಸ್ ಆಕ್ಬುಟ್ಟಿದ್ದೀಯ. ಒಪ್ಕೊ, ಅದ್ರಲ್ಲೇನು."

"ಹಾಕಿಲ್ಲ ಮಾವ."

"ಇರೀಸಾವೇಲಿ ಓಟ್ಲು ಮಡಗಿರೋನೊಬ್ಬ ಕಾರ್ ಕೇಳ್ತಾವ್ನೆ. ಬಾನ್ವಾರ ಕರ್ಕಬತ್ತೀನಿ, ಕೊಟ್ಬುಡು." ನನ್ನ ಕಡೆ ತಿರುಗಿದ. "ನೀನು ಕಾಲೇಜ್ನಲ್ಲಿ ಪಾಠ ಏಳೋಳು. ಕಣ್ಣಾರೆ ನೋಡಿದ್ದೀಯ. ರಿವರ್ಸ್ ಬಿದ್ರೆ ಇಂದ್ಗಡೆ ಬಿಳೀ ಲೈಟ್ ಅತ್ತುತ್ತೆ. ಅತ್ತಿತ್ತಾ, ಇಲ್ವಾ?"

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು.

ಮೊದಲ ದಿನ ಕೇಳಿದ್ದರೆ ಹತ್ತಿರಲಿಲ್ಲ ಎಂದು ಆಣೆ ಮಾಡಿ ಹೇಳುತ್ತಿದ್ದೆ. ಆದರೆ ಅಷ್ಟರಲ್ಲಿ ಆ ಕೆಲವು ಕ್ಷಣಗಳನ್ನು ಎಷ್ಟು ಸಲ ನೋಡಿದ್ದೆನೋ. ಬೋರ್ಡಿನ ಮೇಲೆ ಬರೆಯುವಾಗ, ಬಸ್ಸಿನಲ್ಲಿ, ಕಣ್ಣು ಮುಚ್ಚಿದಾಗ. ಪ್ರತಿ ಸಲವೂ ದೀಪಗಳನ್ನು ಇನ್ನಷ್ಟು ಹತ್ತಿರದಿಂದ ದಿಟ್ಟಿಸುತ್ತಿದ್ದೆ. ಮೂರನೇ ದಿನವೋ ನಾಲ್ಕನೇ ದಿನವೋ ಕೆಂಪಿನ ಪಕ್ಕದಲ್ಲಿ ಬೆಳ್ಳಗೆ ಏನೋ ಮಿನುಗಿದಂತಾಯಿತು. ಆಮೇಲೆ ಅದು ಪ್ರತಿ ಸಲವೂ ಹತ್ತತೊಡಗಿತು. ಅದಿಲ್ಲದ ಬೆಳಗನ್ನು ನೆನೆಸಿಕೊಳ್ಳಲು ಹೋದರೆ ಬರಲೇ ಇಲ್ಲ.

"ಗೊತ್ತಿಲ್ಲ ಮಾವ" ಎಂದೆ.

ಅಕ್ಕ ಎದ್ದು ಕಾರಿನ ಕೀಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿದಳು. ಮರುದಿನದಿಂದ ಬಸ್ಸಿನಲ್ಲಿ ಹೋದಳು.

ಶನಿವಾರ ನನಗೆ ಕಾಲೇಜಿರಲಿಲ್ಲ. ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ. ಬಿಸಿಲು ಚುರುಗುಟ್ಟುತ್ತಿತ್ತು, ಬೀದಿಯಲ್ಲಿ ನರಪಿಳ್ಳೆಯಿರಲಿಲ್ಲ. ಶೀಟಿನ ನೆರಳಿನಲ್ಲಿದ್ದ ಕಾರಿನಿಂದ ಗುಂಯ್ ಎಂಬ ಸದ್ದು ಬಂತು. ಆ ಸದ್ದು ಗೊತ್ತಿತ್ತು. ಡ್ರೈವರ್ ಕಡೆಯ ಬಾಗಿಲು ತೆಗೆದ ಕೂಡಲೇ ಎಣ್ಣೆಯ ಮೋಟಾರು ಒಂದೆರಡು ಕ್ಷಣ ಹಾಗೆ ಗುನುಗಿ ಸುಮ್ಮನಾಗುತ್ತದೆ. ಆದರೆ ಬಾಗಿಲು ಮುಚ್ಚಿತ್ತು. ಕೀಲಿ ಮನೆಯೊಳಗೆ ಮೊಳೆಗೆ ನೇತಾಡುತ್ತಿತ್ತು. ಸದ್ದು ನಿಲ್ಲಲಿಲ್ಲ. ಯಾರೋ ಬಾಯಿ ಮುಚ್ಚಿಕೊಂಡು ರಾಗ ಎಳೆದಂತೆ ಎಳೆಯುತ್ತಲೇ ಇತ್ತು. ಗಾಜಿಗೆ ಮುಖವಿಟ್ಟು ನೋಡಿದೆ. ಖಾಲಿ ಸೀಟುಗಳು. ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಒಳಗಿನ ನಡುಕ ಮೊಣಕೈವರೆಗೆ ಬಂತು.

ಭೌತಶಾಸ್ತ್ರ ಓದಿದವಳು ನಾನು. ಕೈ ಕಿತ್ತುಕೊಂಡು ಒಳಗೆ ಓಡಿಹೋಗಿ ಚಿಲಕ ಹಾಕಿಕೊಂಡೆ. ಅಕ್ಕ ಬರುವ ಹೊತ್ತಿಗೆ ಸದ್ದು ಇರಲಿಲ್ಲ. ಅವಳಿಗೆ ಹೇಳಲೂ ಇಲ್ಲ.

ಭಾನುವಾರ ಮಾವ ಹಿರೀಸಾವೆಯವರನ್ನು ಕರೆತಂದಾಗ ಕಾರು ಸ್ಟಾರ್ಟೇ ಆಗಲಿಲ್ಲ. ಒಂದು ದೀಪವೂ ಹತ್ತಲಿಲ್ಲ. ಬಂದವರು ಬಗ್ಗಿ ನೋಡಿ ನಕ್ಕರು.

"ಏನಣ್ಣೋ, ಎಣ ತೋರ್ಸೋಕೆ ಅಷ್ಟು ದೂರದಿಂದ ಕರ್ಕಬಂದ್ಯಾ?"

ಮಾವನ ಮುಖ ಕೆಂಪಾಯಿತು. ಅವರು ಹೋದ ಮೇಲೆ ಅಕ್ಕನಿಗೆ ಶನಿವಾರದ ಸದ್ದಿನ ವಿಷಯ ಹೇಳಿದೆ. ಅವಳು "ಅದು ನಂಗೂ ಕೇಳಿಸಿದೆ" ಎಂದಳು. "ನಂದೇ ಭ್ರಮೆ ಅಂದ್ಕೊಂಡಿದ್ದೆ."

ಸೋಮವಾರ ಇಬ್ಬರೂ ರಜೆ ಹಾಕಿ, ಕಾರನ್ನು ಲಾರಿಯ ಮೇಲೆ ಹಾಕಿಕೊಂಡು ಹಾಸನಕ್ಕೆ ಹೋದೆವು. ಅಲ್ಲೊಬ್ಬರು ಇಂಥ ಗೇರಿನ ಕಾರುಗಳನ್ನೇ ನೋಡುವ ಎಲೆಕ್ಟ್ರಿಷಿಯನ್. ಐವತ್ತು ದಾಟಿದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಬೇರೆ ಬ್ಯಾಟರಿ ಕೊಟ್ಟು, ಟ್ಯಾಬ್ ಸಿಕ್ಕಿಸಿ, ಕಾರಿನ ನೆನಪಿನಲ್ಲಿ ಉಳಿದ ದೋಷಗಳನ್ನು ಹುಡುಕಿದರು.

"ಟರ್ಮಿನಲ್ ಬಿಚ್ಚಿದ್ರಾ? ಸರಿಹೋಯ್ತು. ಸಾಕ್ಷಿ ಎಲ್ಲಾ ಅಳಿಸ್ಬುಟ್ಟು ನನ್ನತ್ರ ಬಂದ್ರಿ." ಟ್ಯಾಬ್ ಎತ್ತಿಟ್ಟರು. "ಪರ್ವಾಗಿಲ್ಲ. ಕಿವಿಲೇ ನೋಡಾನ."

ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ತಿರುಗಿಸಿ ಗೇರು ಹಾಕಿದರು, ತೆಗೆದರು. ಪ್ರತಿ ಸಲವೂ ಗುಂಯ್. ಒತ್ತಡವನ್ನು ಕೂಡಿಟ್ಟುಕೊಳ್ಳುವ ಮೂಸಂಬಿ ಗಾತ್ರದ ಒಂದು ಲೋಹದ ಗುಂಡನ್ನು ತೋರಿಸಿದರು. ಅದು ನೆಟ್ಟಗಿದ್ದರೆ ಮೂರ್ನಾಲ್ಕು ಸಲ ಗೇರು ಹಾಕುವವರೆಗೂ ಮೋಟಾರು ಸುಮ್ಮನಿರಬೇಕಂತೆ. ಗುಂಡು ಸೋತಿದ್ದರಿಂದ ಮೋಟಾರಿಗೆ ಬಿಡುವೇ ಇರಲಿಲ್ಲ. ಆಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಕರಿಯ ಡಬ್ಬಿ ಕಿತ್ತು, ಬ್ಲೇಡಿನಿಂದ ಅದರ ಮುಚ್ಚಳ ಎಬ್ಬಿಸಿದರು. ಮೋಟಾರಿಗೆ ಕರೆಂಟು ಬಿಡುವ ರಿಲೇ. ಒಳಗೆ ಎರಡು ಪುಟ್ಟ ತಾಮ್ರದ ಬಿಂದುಗಳು ಸುಟ್ಟು ಇದ್ದಿಲಾಗಿದ್ದವು.

"ಬಿಡುವಿಲ್ದೆ ದುಡಿದು ಸುಟ್ಟೋಗದೆ. ಒಂದೊಂದ್ಸಲ ಅಂಟ್ಕತ್ತದೆ, ಆಗ ಯಾರೂ ಇಲ್ದಿದ್ರೂ ಮೋಟ್ರು ಹಾಡ್ತದೆ, ಬ್ಯಾಟ್ರಿ ಬರಿದಾಗೋಗ್ತದೆ. ಒಂದೊಂದ್ಸಲ ತಾಗಾದೇ ಇಲ್ಲ, ಆಗ ಎಣ್ಣೆಗೆ ಬಲ ಇಲ್ಲ, ಗೇರ್ ನಿಲ್ಲಲ್ಲ. ದೆವ್ವ ಗಿವ್ವ ಅಂದ್ಕೊಂಡಿದ್ರಾ?"

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ಅವರು ಒತ್ತಡದ ಮೀಟರು ಸಿಕ್ಕಿಸಿ, ರಿಲೇ ಇಲ್ಲದೆಯೇ ಗೇರು ಹಾಕಿ ತೋರಿಸಿದರು. ಎರಡನೇ ಸಲಕ್ಕೆ ಮುಳ್ಳು ಇಳಿಯಿತು. ಡ್ಯಾಶ್‌ಬೋರ್ಡಿನಲ್ಲಿ ಒಂದು ಎಂಬ ಅಂಕಿ ಮಿಟುಕಿಸಿ ನ್ಯೂಟ್ರಲ್ ಆಯಿತು. ಕುಂಯ್ ಕುಂಯ್. ಸಮತಟ್ಟಾದ ನೆಲದ ಮೇಲೆ, ಚಕ್ರಕ್ಕೆ ಕಲ್ಲು ಕೊಟ್ಟಿದ್ದರೂ, ನಾನು ಹಿಂದೆ ಸರಿದು ಗೋಡೆಗೆ ಅಂಟಿ ನಿಂತಿದ್ದೆ.

"ಮುಂದಕ್ಕೋಗ್ತಿರೋವಾಗ ಕೈತಪ್ಪಿ ರಿವರ್ಸ್ ಹಾಕಿದ್ರೆ?" ಅಕ್ಕನೇ ಕೇಳಿದಳು.

"ಕಾರ್ ನಿಂತು, ಬ್ರೇಕ್ ತುಳಿದ್ರೇನೇ ರಿವರ್ಸ್ ಬೀಳಾದು. ನೀವು ಹಾಕ್ತೀನಿ ಅಂದ್ರೂ ಅದು ಕೇಳಲ್ಲ ಮೇಡಂ."

ಅಕ್ಕ ಸುಟ್ಟ ರಿಲೇಯನ್ನು ಕೇಳಿ ಪಡೆದು, ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಮಾವನಿಗೆ ತೋರಿಸಲು ಎಂದುಕೊಂಡೆ. ತೋರಿಸಲಿಲ್ಲ.

ಗುಂಡು, ರಿಲೇ ಎರಡೂ ಹೊಸದಾಗಿ ಬರಲು ವಾರ ಹಿಡಿಯಿತು. ಕಾರು ತೆಗೆದುಕೊಂಡು ಬರುವಾಗ ಗೊರೂರಿನ ಏರಿನಲ್ಲಿ ನಾನು ಬಾಗಿಲ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಅಕ್ಕ ನೋಡಿದಳು. ಆಗ ಹೇಳಿದೆ: "ಮಾವ ಕೇಳಿದಾಗ ಇಲ್ಲ ಅನ್ಬೇಕಿತ್ತು ಅಕ್ಕ. ನಂಗೆ ಆ ಲೈಟು ಕಾಣಿಸ್ತಿತ್ತು. ಈಗ್ಲೂ ಕಾಣಿಸ್ತದೆ."

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ನೀನು ಇಲ್ಲ ಅಂದಿದ್ರೂ ನಾನು ನಂಬ್ತಿರ್ಲಿಲ್ಲ ಕಣೇ. ರಾತ್ರಿಯೆಲ್ಲ ಈ ಕೈಯನ್ನೇ ಕೇಳ್ತಿದ್ದೆ, ಏನ್ ಮಾಡ್ದೆ ಹೇಳು ಅಂತ. ಅದು ದಿನಕ್ಕೊಂದು ಹೇಳೋದು."

ಏರು ಮುಗಿಯಿತು. ಗೇರು ಬದಲಾದಾಗ ಕಾರು ಒಮ್ಮೆ ತೊನೆದು ಮುಂದೆ ಹೋಯಿತು.

ಕಾರು ಸರಿಯಾದ ದಿನವೇ ನಿದ್ದೆ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೂ ಮೂರು ವಾರ ನಾನು ಎರಡು ಗಂಟೆಗೆ ಎದ್ದು ಕೂರುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅಕ್ಕ ಮಗ್ಗುಲು ಬದಲಿಸುವುದು ಕೇಳುತ್ತಿತ್ತು. ಆಮೇಲೆ ಒಂದು ಮಂಗಳವಾರ ರಾತ್ರಿ, ಅಕ್ಕ ಉತ್ತರಪತ್ರಿಕೆಗಳನ್ನು ತಂದು ನನ್ನ ಮಂಚದ ಮೇಲೆಯೇ ಹರವಿಕೊಂಡು ತಿದ್ದುತ್ತಿದ್ದಳು. ಯಾವುದೋ ಹುಡುಗಿ ಬರೆದ ಉತ್ತರ ಓದಿ ಹೇಳಿ ನಕ್ಕದ್ದು ನೆನಪಿದೆ. ಆಮೇಲಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಬುಧವಾರದ ಬೆಳಕು ಕಿಟಕಿಯಲ್ಲಿ ಬಿದ್ದಿತ್ತು. ಪತ್ರಿಕೆಗಳು ನಮ್ಮಿಬ್ಬರ ಮೈ ಕೆಳಗೆ ಮುದುರಿದ್ದವು. ಅಕ್ಕ ಬಾಯಿ ತೆರೆದುಕೊಂಡು, ಕೆಂಪು ಪೆನ್ನು ಕೈಯಲ್ಲೇ ಹಿಡಿದುಕೊಂಡು, ಇನ್ನೂ ಗೊರಕೆ ಹೊಡೆಯುತ್ತಿದ್ದಳು.